ಆನ್‌ಲೈನ್ ಅಂಗಡಿ: ತೆರೆಯಲು ಎಷ್ಟು, ನಡೆಸಲು ಎಷ್ಟು?

(ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಬೆಳೆದ ಮಾಲನ್ನು ಅಡತಿ ಅಂಗಡಿಯ ಕಟ್ಟೆಗೆ ಸುರಿಯದೆ, ತಿನ್ನುವವರ ಮನೆ ಬಾಗಿಲಿಗೇ ಮುಟ್ಟಿಸಬೇಕೆಂಬ ಆಸೆ ಹೊಸದೇನಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ನಡೆದವರಿಗೂ ಅದೇ ಆಸೆ ಇತ್ತು. ಈಗ ಸಂತೆ ಕೈಯೊಳಗಿನ ಫೋನಿಗೆ ಬಂದಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತ ಗೃಹಿಣಿ ಹಾನಗಲ್ಲಿನ ಆಪೂಸು ಹಣ್ಣಿನ ಚಿತ್ರವನ್ನು ನೋಡಿ, ಅಲ್ಲಿಯೇ ಹಣ ಕಟ್ಟಿ, ನಾಲ್ಕನೆಯ ದಿನ ಪೆಟ್ಟಿಗೆ ಬಿಚ್ಚಬಹುದು. ಇದನ್ನೇ ಆನ್‌ಲೈನ್ ಅಂಗಡಿ ಎನ್ನುತ್ತಾರೆ.

ಈ ಅಂಗಡಿಯ ಮಾತು ಇಂದು ಹಳ್ಳಿಯ ಅನೇಕ ಮನೆಗಳಲ್ಲಿ ಎದ್ದಿದೆ. ಅದಕ್ಕೆ ಕಾರಣವೂ ಇದೆ. 2024ರ ಮಾರ್ಚ್ ತಿಂಗಳಿನಲ್ಲಿ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಬೀಳುವವರೆಗೂ ಹೋಯಿತು. ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಟ್ಟವರು ಹಣ್ಣಿನ ಕಾಲದಲ್ಲಿ ಪಟ್ಟಣದ ದರ ಕೇಳಿ ಕೈ ಹಿಸುಕಿಕೊಳ್ಳುವುದೂ ಪ್ರತಿ ವರ್ಷದ ಸಂಗತಿ. ಇಂತಹ ಹೊತ್ತಿನಲ್ಲಿ ಪಟ್ಟಣದಲ್ಲಿ ಓದಿ ಮರಳಿದ ಮಗ, “ಅಪ್ಪಾ, ನಮ್ಮದೇ ಒಂದು ಅಂಗಡಿ ಮಾಡೋಣ” ಎಂದರೆ ತಂದೆ ಬೇಡವೆನ್ನಲಾರ. ಯಾರೋ ಒಬ್ಬರು ಅಂದವಾದ ಪುಟ ಮಾಡಿಕೊಡುತ್ತೇವೆಂದು ಬರುತ್ತಾರೆ, ಮುಂಗಡ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಆ ಮುಂಗಡ ಬಂಗಾರ ಅಡವಿಟ್ಟ ಹಣವೇ ಆಗಿರುತ್ತದೆ.

ಆದ್ದರಿಂದ ಈ ವಿಷಯವನ್ನು ಹುರುಪಿನಿಂದ ನೋಡದೆ ಬೇಸಾಯದ ಖರ್ಚಿನಂತೆಯೇ ಬಿಡಿಬಿಡಿಯಾಗಿ ಲೆಕ್ಕ ಹಾಕಿ ನೋಡಬೇಕಾಗಿದೆ. ಗೊಬ್ಬರಕ್ಕೆ ಎಷ್ಟು, ಆಳಿಗೆ ಎಷ್ಟು, ಎತ್ತಿಗೆ ಎಷ್ಟು ಎಂದು ಬರೆದಿಡುವ ರೈತನು ಅಂಗಡಿಯ ವಿಷಯದಲ್ಲಿ ಮಾತ್ರ ಒಂದೇ ಮೊತ್ತವನ್ನು ಕೇಳಿ ಸುಮ್ಮನಾಗುವುದು ಸರಿಯಲ್ಲ.

ಅಂಗಡಿ ಕಟ್ಟುವ ಖರ್ಚು

ಆನ್‌ಲೈನ್ ಅಂಗಡಿಗೆ ಮೂಲತಃ ನಾಲ್ಕು ಅಂಗಗಳಿವೆ. ಮೊದಲನೆಯದು ಹೆಸರು. ಅದನ್ನು ವರ್ಷವರ್ಷಕ್ಕೆ ಬಾಡಿಗೆಗೆ ಪಡೆಯಬೇಕು. ಕೊನೆಯಲ್ಲಿ ‘ಡಾಟ್ ಇನ್’ ಇರುವ ಹೆಸರಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೇ ಆಗುತ್ತದೆ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಹೆಸರೂ ಸಿಗುತ್ತದೆ. ಎರಡನೆಯದು ಆ ಪುಟಗಳನ್ನು ಇಡುವ ಜಾಗ. ಇದಕ್ಕೂ ವಾರ್ಷಿಕ ಬಾಡಿಗೆ ಇದೆ. ಮೂರನೆಯದು ಚಿತ್ರ, ದರ, ತೂಕ ತೋರಿಸಿ ಆರ್ಡರು ಬರೆದುಕೊಳ್ಳುವ ತಂತ್ರಾಂಶ. ವೂಕಾಮರ್ಸ್‌ನಂತಹ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ, ಆದರೆ ಅದನ್ನು ಹೊಂದಿಸಬಲ್ಲವರು ಬೇಕು. ಶಾಪಿಫೈಯಂತಹ ಸಿದ್ಧ ಅಂಗಡಿಗೆ ತಿಂಗಳ ಬಾಡಿಗೆ ಇದೆ. ಮಾವಿನ ಕಾಲ ಮುಗಿದ ಮೇಲೂ ಬಾಡಿಗೆ ಓಡುತ್ತಲೇ ಇರುತ್ತದೆಂಬುದನ್ನು ಮರೆಯಬಾರದು. ನಾಲ್ಕನೆಯದು ಹಣ ಪಡೆಯುವ ದಾರಿ. ಯುಪಿಐ ಮೂಲಕ ನೇರ ಬ್ಯಾಂಕ್ ಖಾತೆಗೆ ಹಣ ಬಂದರೆ 2020ರ ಜನವರಿ 1ರಿಂದ ವ್ಯಾಪಾರಿ ಶುಲ್ಕವಿಲ್ಲ. ಕಾರ್ಡು ಮುಂತಾದ ಎಲ್ಲ ಬಗೆಯ ಪಾವತಿಯನ್ನೂ ಒಂದೇ ಕಡೆ ಪಡೆಯುವ ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ, ಒಟ್ಟು 2 ರೂಪಾಯಿ 36 ಪೈಸೆ ಹಿಡಿದುಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯ ಹೆಸರನ್ನು ಮಾಡಿಕೊಡುವವನ ಹೆಸರಿನಲ್ಲಿ, ಅವನ ಇ-ಮೇಲ್ ವಿಳಾಸಕ್ಕೆ ಬರೆಸಿದರೆ, ಅದು ಉತಾರದಲ್ಲಿ ನಿಮ್ಮ ಹೆಸರಿಲ್ಲದ ಹೊಲವಿದ್ದಂತೆ. ನಾಲ್ಕು ವರ್ಷ ಉತ್ತು ಬಿತ್ತಿ ಗಿರಾಕಿಗಳನ್ನು ಸಂಪಾದಿಸಿದ ಮೇಲೆ ನವೀಕರಣದ ನೆಪದಲ್ಲಿ ಅವನು ಕೇಳಿದಷ್ಟು ಕೊಡಬೇಕಾಗುತ್ತದೆ. ಹೆಸರು, ಅದರ ಗುಪ್ತಪದ, ಹಣ ಸೇರುವ ಖಾತೆ ಈ ಮೂರೂ ರೈತನ ಕೈಯಲ್ಲೇ ಇರತಕ್ಕದ್ದು.

ಒಂದು ತೋಟದ ಲೆಕ್ಕ

ಈಗ ಅಂಕಿಗಳಿಗೆ ಬರೋಣ. ಲೆಕ್ಕಕ್ಕಾಗಿ ಹಾನಗಲ್ ತಾಲೂಕಿನ ಒಬ್ಬ ಬೆಳೆಗಾರನನ್ನು ಕಲ್ಪಿಸಿಕೊಳ್ಳಿ. ಅವನು ಒಂದು ಹಂಗಾಮಿನಲ್ಲಿ 3 ಕಿಲೋದ 500 ಪೆಟ್ಟಿಗೆ ಆಪೂಸನ್ನು ಬೆಂಗಳೂರಿನ ಮನೆಗಳಿಗೆ ಕಳಿಸಬೇಕೆಂದಿದ್ದಾನೆ. ಪೆಟ್ಟಿಗೆಗೆ 600 ರೂಪಾಯಿ ದರ, ಸಾಗಣೆ ಅದರಲ್ಲೇ ಸೇರಿದೆ. ತೋಟದಲ್ಲಿಯೇ ಕೊಟ್ಟರೆ ಕಿಲೋಗೆ 50 ರೂಪಾಯಿ ಸಿಗುತ್ತದೆಂದು ಹಿಡಿಯಿರಿ. ಇವು ಉದಾಹರಣೆಯ ದರಗಳು. ಪ್ರತಿಯೊಬ್ಬರೂ ತಮ್ಮ ಊರಿನ ದರವನ್ನು ಹಾಕಿಕೊಂಡು ಮತ್ತೊಮ್ಮೆ ಮಾಡಿ ನೋಡಬೇಕು.

ಅವನು ಪುಟ ಮಾಡಿಸಲು 40,000 ರೂಪಾಯಿ ಒಪ್ಪಿದ್ದಾನೆ. ಹೆಸರಿಗೆ 800, ಜಾಗದ ಬಾಡಿಗೆ 4,000, ಚಿತ್ರ ತೆಗೆಸಲು 5,000, ಇಂಟರ್‌ನೆಟ್ಟಿಗೆ 2,400, ತೂಕದ ಯಂತ್ರಕ್ಕೆ 3,000, ಫೋನಿನಲ್ಲಿ ಜಾಹೀರಾತಿಗೆ 20,000. ಒಟ್ಟು 75,200 ರೂಪಾಯಿ. ಒಂದು ಪೆಟ್ಟಿಗೆಯೂ ಹೊರಡುವ ಮೊದಲೇ ಇಷ್ಟು ಖರ್ಚಾಗಿರುತ್ತದೆ.

ಇನ್ನು ಒಂದೊಂದು ಪೆಟ್ಟಿಗೆಯ ಖರ್ಚು. ಗಿರಾಕಿಯ ಕೈಗೆ 3 ಕಿಲೋ ಮುಟ್ಟಬೇಕಾದರೆ ತೋಟದಲ್ಲಿ 3 ಕಿಲೋ 300 ಗ್ರಾಂ ಆದರೂ ತೂಗಬೇಕು, ಏಕೆಂದರೆ ಹಣ್ಣಾಗುವಾಗ ತೂಕ ಇಳಿಯುತ್ತದೆ, ಆರಿಸುವಾಗ ಕೆಲವು ಕಾಯಿ ಪಕ್ಕಕ್ಕೆ ಹೋಗುತ್ತವೆ. ಇದಕ್ಕೆ 165 ರೂಪಾಯಿ. ರಟ್ಟಿನ ಪೆಟ್ಟಿಗೆ, ಒಳಗಿನ ಹುಲ್ಲು ಅಥವಾ ಕಾಗದ, ಅಂಟುಪಟ್ಟಿ, ಚೀಟಿ ಸೇರಿ 55. ಕೀಳುವ, ವಿಂಗಡಿಸುವ, ತುಂಬುವ ಕೂಲಿ 25. ಪೆಟ್ಟಿಗೆಯ ತೂಕವೂ ಸೇರಿ 4 ಕಿಲೋ ಆಗುವುದರಿಂದ ಕಿಲೋಗೆ 45 ರೂಪಾಯಿಯಂತೆ ಕೊರಿಯರ್ 180. ಹಣ ಪಡೆಯುವ ಗೇಟ್‌ವೇಗೆ 14. ಹನ್ನೆರಡು ಪೆಟ್ಟಿಗೆಗಳಲ್ಲಿ ಒಂದು ಕೆಟ್ಟು ಹಣ ಮರಳಿಸಬೇಕಾಯಿತೆಂದರೆ ಪ್ರತಿ ಪೆಟ್ಟಿಗೆಯ ಮೇಲೆ 50 ಬೀಳುತ್ತದೆ. ಕೂಡಿದರೆ 489 ರೂಪಾಯಿ. ಉಳಿಯುವುದು 111.

ಐದು ನೂರು ಪೆಟ್ಟಿಗೆಗೆ 55,500 ರೂಪಾಯಿ ಉಳಿಯಿತು. ಅಂಗಡಿಗೆ ಹಾಕಿದ್ದು 75,200. ಮೊದಲ ವರ್ಷವೇ 19,700 ರೂಪಾಯಿ ಕೈ ಬಿಟ್ಟಿತು. ಹಾಕಿದ್ದು ಮರಳಬೇಕಾದರೆ 678 ಪೆಟ್ಟಿಗೆ ಮಾರಬೇಕು. ಮಗ ಆ ಎರಡು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ ಫೋನಿಗೆ ಉತ್ತರ ಕೊಡುತ್ತಾ, ಪೆಟ್ಟಿಗೆ ಹೊತ್ತು ತಿರುಗಿದ ಕೂಲಿ ಇದರಲ್ಲಿ ಸೇರಿಲ್ಲ.

ಇದೇ ಬೆಳೆಗಾರನು ಪುಟ ಮಾಡಿಸದೆ ಮೊದಲ ವರ್ಷ ವಾಟ್ಸಾಪ್ ಬಿಸಿನೆಸ್‌ನಲ್ಲಿ ಮಾಲಿನ ಪಟ್ಟಿಯನ್ನು ಹಾಕಿದನೆನ್ನಿ. ಅದಕ್ಕೆ ಹಣವಿಲ್ಲ. ಮುಂದಿನ ದಿನಕ್ಕಾಗಿ ಹೆಸರನ್ನು ಮಾತ್ರ 800 ಕೊಟ್ಟು ಹಿಡಿದಿಟ್ಟುಕೊಂಡ. ತೂಕದ ಯಂತ್ರ 3,000, ಇಂಟರ್‌ನೆಟ್ 2,400, ನಾಲ್ಕು ಕಡೆ ಹಂಚಲು ಕರಪತ್ರ 1,500. ಒಟ್ಟು 7,700 ರೂಪಾಯಿ. ಹಣವನ್ನು ಯುಪಿಐ ಮೂಲಕವೇ ಪಡೆದರೆ ಪೆಟ್ಟಿಗೆಗೆ 125 ಉಳಿಯುತ್ತದೆ. ಆಗ 62 ಪೆಟ್ಟಿಗೆ ಮಾರಿದರೆ ಹಾಕಿದ್ದು ಬಂತು. 678 ಎಲ್ಲಿ, 62 ಎಲ್ಲಿ! ಹಣ್ಣು ಅದೇ, ಗಿರಾಕಿ ಅವನೇ, ಪೆಟ್ಟಿಗೆಯೂ ಅದೇ.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕಕ್ಕೆ ಇಟ್ಟರೆ ಇನ್ನೊಂದು ವಿಷಯವೂ ಕಾಣುತ್ತದೆ. ಪುಟದ ಖರ್ಚು ಒಂದೇ ಸಲ ಬರುವಂತಹದು. ಸಾಗಣೆ ಮತ್ತು ಹಾಳಿನ ಖರ್ಚು ಪ್ರತಿ ಪೆಟ್ಟಿಗೆಗೂ ಬೆನ್ನು ಹತ್ತುತ್ತದೆ. 600ರಲ್ಲಿ 230 ರೂಪಾಯಿಯನ್ನು ಈ ಎರಡೇ ತಿಂದವು. ಹಣ್ಣಿನ ಬೆಲೆಯೇ ಅದಕ್ಕಿಂತ ಕಡಿಮೆ. ಹೀಗಿರುವಾಗ ಬುದ್ಧಿಯನ್ನು ಪುಟದ ಬಣ್ಣಕ್ಕಿಂತ ಈ 230ರ ಮೇಲೆ ಖರ್ಚು ಮಾಡುವುದು ಲೇಸು.

ಸಾಗಣೆ

ಹಾನಗಲ್ಲಿಗೂ ಹಿರೇಕೆರೂರಿಗೂ ರೈಲು ಇಲ್ಲ. ಶಿಗ್ಗಾವಿ ಹೆದ್ದಾರಿಯ ಮೇಲಿದೆ. ಪುಣೆ–ಬೆಂಗಳೂರು ದಾರಿಯ ವಾಹನಗಳು ಅಲ್ಲಿಂದಲೇ ಹಾಯುತ್ತವೆ. ಸವಣೂರು ತಾಲೂಕಿಗೆ ಯಲವಿಗಿಯಲ್ಲಿ ರೈಲು ನಿಲ್ದಾಣ ಇದೆ. ಕೊರಿಯರ್ ಸಂಸ್ಥೆಯವರು ಹಳ್ಳಿಗೆ ಬಂದು ಪೆಟ್ಟಿಗೆ ಒಯ್ಯುತ್ತಾರೆಯೇ, ಅಥವಾ ತಾಲೂಕು ಸ್ಥಳಕ್ಕೆ ರೈತನೇ ಒಯ್ದು ಕೊಡಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ದಿನಕ್ಕೆ ಎರಡು ಪೆಟ್ಟಿಗೆಗಾಗಿ ಹತ್ತು ಮೈಲಿ ಮೋಟಾರ್ ಸೈಕಲ್ ಓಡಿಸಿದರೆ ಪೆಟ್ರೋಲಿಗೇ ಲಾಭ ಹೋಗುತ್ತದೆ.

ಬಿಡಿಬಿಡಿಯಾಗಿ ಮನೆಮನೆಗೆ ಕಳಿಸುವ ಬದಲು ಒಟ್ಟಾಗಿ ಕಳಿಸುವ ದಾರಿಯೂ ಇದೆ. ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ‘ನಮ್ಮ ಕಾರ್ಗೋ’ ಎಂಬ ಪಾರ್ಸೆಲ್ ಸೇವೆ 2021ರಲ್ಲಿ ಆರಂಭವಾಯಿತು. ಬೆಂಗಳೂರಿನ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ ಊರಿನವರೊಬ್ಬರು ಇದ್ದಾರೆ ಎನ್ನಿ. ಅವರು ವಾರದ ಆರ್ಡರನ್ನು ಒಟ್ಟುಗೂಡಿಸುತ್ತಾರೆ. ನಲವತ್ತು ಪೆಟ್ಟಿಗೆ ಒಂದೇ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋದಲ್ಲಿ ಮುಟ್ಟುತ್ತವೆ. ಪೆಟ್ಟಿಗೆಗೆ ಎಲ್ಲ ಸೇರಿ 70 ರೂಪಾಯಿ ಬಿತ್ತೆಂದು ಹಿಡಿಯಿರಿ. ಹತ್ತು ಕೈ ಬದಲಾಗದ್ದರಿಂದ ಹಾಳೂ ಕಡಿಮೆ, ಇಪ್ಪತ್ತೈದಕ್ಕೆ ಒಂದು. ಗಿರಾಕಿಗೆ 50 ರೂಪಾಯಿ ಇಳಿಸಿ 550ಕ್ಕೆ ಕೊಟ್ಟರೂ ಖರ್ಚು 337, ಉಳಿಕೆ 213. ದರ ಇಳಿಸಿಯೂ ಉಳಿಕೆ ಸುಮಾರು ಇಮ್ಮಡಿಯಾಯಿತು. ಹುಬ್ಬಳ್ಳಿ–ಧಾರವಾಡಗಳಿಗೆ ಇನ್ನೂ ಹತ್ತಿರದ ದಾರಿ; ಹೆಚ್ಚಿನವರು ಬೆಂಗಳೂರಿನ ಕಡೆ ನೋಡುವ ಭರದಲ್ಲಿ ಹುಬ್ಬಳ್ಳಿಯನ್ನು ಮರೆಯುತ್ತಾರೆ.

ಸರ್ಕಾರಿ ವ್ಯವಸ್ಥೆಯಲ್ಲಿಯೂ ಇದಕ್ಕೆ ಮಾದರಿ ಇದೆ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ‘ಕರ್ಸಿರಿ’ ಹೆಸರಿನ ಆನ್‌ಲೈನ್ ಅಂಗಡಿಯನ್ನು ನಡೆಸಿ, ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಗಳಿಗೆ ಬೆಳೆಗಾರರ ಹಣ್ಣನ್ನು ಮುಟ್ಟಿಸಿತು. 2020ರ ಲಾಕ್‌ಡೌನ್ ಬೇಸಿಗೆಯಲ್ಲಿ ಪೇಟೆಗಳು ಮುಚ್ಚಿದ್ದಾಗ ಈ ದಾರಿ ಅನೇಕರಿಗೆ ಉಪಯೋಗಕ್ಕೆ ಬಂತು. ಪುಟ ಕಟ್ಟುವ ಖರ್ಚನ್ನು ಅಲ್ಲಿ ರೈತನು ಹೊರಬೇಕಾಗಿರಲಿಲ್ಲ. ತನ್ನದೇ ಅಂಗಡಿ ಬೇಕೆನ್ನುವವರು ಮೊದಲು ಇಂತಹ ಕಡೆ ಒಂದು ಹಂಗಾಮು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಹಾಳು

ಆಪೂಸಿನ ಹಾಳು ಅರ್ಧಕ್ಕೆ ಅರ್ಧ ತೋಟದಲ್ಲಿಯೇ ಶುರುವಾಗುತ್ತದೆ. ಕಾಯಿಯನ್ನು ಒಂದು ಸೆಂಟಿಮೀಟರಿನಷ್ಟು ತೊಟ್ಟು ಬಿಟ್ಟು ಕೀಳಬೇಕು. ತೊಟ್ಟು ಮುರಿದರೆ ಸೊನೆ ಸೋರಿ ಸಿಪ್ಪೆಯನ್ನು ಸುಡುತ್ತದೆ, ಮೂರನೆಯ ದಿನ ಅಲ್ಲಿಯೇ ಕಪ್ಪು ಕಲೆ ಏಳುತ್ತದೆ. ಕೊಯ್ದ ಕಾಯಿಯನ್ನು ಬಿಸಿಲಿನ ನೆಲದ ಮೇಲೆ ರಾಶಿ ಹಾಕಬಾರದು. ಆಪೂಸಿನ ತಿರುಳಿನೊಳಗೆ ಬೀಳುವ ಸ್ಪಂಜಿನಂತಹ ಹುಳಿಭಾಗಕ್ಕೆ ಬಿಸಿಲ ಝಳವೂ ಒಂದು ಕಾರಣ. ಇದು ಹೊರಗಿನಿಂದ ಕಾಣುವುದಿಲ್ಲ. ಸಂತೆಯಲ್ಲಾದರೆ ಗಿರಾಕಿ ಗೊಣಗಿ ಹೋಗುತ್ತಾನೆ. ಆನ್‌ಲೈನ್‌ನಲ್ಲಿ ಹೆಚ್ಚಿದ ಹಣ್ಣಿನ ಚಿತ್ರ ತೆಗೆದು ಹಣ ಮರಳಿ ಕೇಳುತ್ತಾನೆ, ಹತ್ತು ಜನರಿಗೂ ತೋರಿಸುತ್ತಾನೆ.

52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ ನೆರಳಲ್ಲಿ ಆರಿಸಿದರೆ ಚಿಬ್ಬು ರೋಗದಿಂದ ಆಗುವ ಕೊಳೆ ಹತೋಟಿಗೆ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಬಳಸಲು ಅನುಮತಿ ಇದೆ. ಭತ್ತದ ಹುಲ್ಲಿಗೆ ಹಾನಗಲ್ಲಿನಲ್ಲಿ ಕೊರತೆಯಿಲ್ಲವಾದ್ದರಿಂದ ಹುಲ್ಲಿನ ಅಡೆ ಹಾಕುವ ಹಳೆಯ ಪದ್ಧತಿಯೇ ಸಾಕು. ಪೂರ್ಣ ಹಣ್ಣನ್ನು ಎಂದೂ ಕಳಿಸಬೇಡಿ. ದೋರೆಗಾಯಿಯಾಗಿದ್ದಾಗ ಕಳಿಸಿ, ಎಷ್ಟು ದಿನ ಇಟ್ಟು ತಿನ್ನಬೇಕೆಂದು ಒಂದು ಚೀಟಿಯಲ್ಲಿ ಬರೆದಿಡಿ. ನಾಲ್ಕಾಣೆಯ ಆ ಚೀಟಿ ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ.

ಹಣ ಕೈಗೆ ಬಾರದೆ ಪೆಟ್ಟಿಗೆ ಕಳಿಸುವ ವಿಷಯವೂ ಹಾಳಿನ ಲೆಕ್ಕಕ್ಕೇ ಸೇರಬೇಕು. ವಯಸ್ಸಾದವರಿಗೆ ಅಂಚೆಯ ವಿ.ಪಿ. ನೆನಪಿರಬಹುದು. ಪುಸ್ತಕವನ್ನೋ ಬೀಜವನ್ನೋ ವಿ.ಪಿ. ಮೂಲಕ ತರಿಸಿ, ಪೋಸ್ಟ್‌ಮನ್ ಬಂದಾಗ ಹಣವಿಲ್ಲವೆಂದು ತಿರುಗಿಸಿ ಕಳಿಸಿದವರು ಕಡಿಮೆಯೇನಲ್ಲ. ಆಗ ಅಂಚೆ ಖರ್ಚು ಕಳಿಸಿದವನ ತಲೆಗೆ ಬರುತ್ತಿತ್ತು. ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯ ಕಥೆಯೂ ಅದೇ. ಪುಸ್ತಕ ತಿರುಗಿ ಬಂದರೆ ಮತ್ತೊಬ್ಬರಿಗೆ ಮಾರಬಹುದು. ಮಾವು ತಿರುಗಿ ಬಂದರೆ ತಿಪ್ಪೆಗೆ. ಹಣ್ಣು ಮಾರುವವರು ಈ ಸೌಲಭ್ಯವನ್ನು ಕೊಡದಿರುವುದೇ ಲೇಸು.

ಉಳಿದ ಮಾಲುಗಳು

ಎಲ್ಲ ಮಾಲಿಗೂ ಈ ಅಂಗಡಿ ಹೊಂದುವುದಿಲ್ಲ. ಸವಣೂರಿನ ವೀಳ್ಯದೆಲೆ ಹೆಸರಾದದ್ದು. ಆದರೆ ಎಲೆ ಒದ್ದೆ ಬಟ್ಟೆಯಲ್ಲಿ ಬಾಳುವುದು ಕೆಲವೇ ದಿನ. ಒಂದು ಕಟ್ಟಿನ ಬೆಲೆಗಿಂತ ಅದರ ಕೊರಿಯರ್ ಹೆಚ್ಚು. ಅದು ಪೆಂಡಿಯಲ್ಲೇ ಹೋಗಬೇಕಾದ ಮಾಲು. ಅದೇ ಊರಿನ ಖಾರ ಮಾತ್ರ ಹಗುರವಲ್ಲದ, ಬೇಗ ಕೆಡದ ಪದಾರ್ಥವಾದ್ದರಿಂದ ಅಂಚೆಯಲ್ಲಿ ನಿಶ್ಚಿಂತೆಯಿಂದ ಪಯಣಿಸುತ್ತದೆ.

ಮೆಣಸಿನಕಾಯಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಅನೇಕ ಹೊಲಗಳ ಕಾಯಿ ಹೋಗುವುದು ಬ್ಯಾಡಗಿ ಪೇಟೆಗೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಡಬ್ಬಿ, ಕಡ್ಡಿ ಎರಡೂ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಪಡೆಯುವ ಕಾಯಿ. ಚೆನ್ನಾಗಿ ಒಣಗಿಸಿ ತೇವಾಂಶವನ್ನು ಶೇ. 10ರ ಆಸುಪಾಸಿಗೆ ತಂದರೆ ತಿಂಗಳುಗಟ್ಟಲೆ ಇಡಬಹುದು. ಇಷ್ಟೆಲ್ಲ ಅನುಕೂಲವಿದ್ದರೂ ಕಾಯಿಗೆ ಒಂದು ದೋಷವಿದೆ: ಜಾಗ ಬಹಳ ತಿನ್ನುತ್ತದೆ.

ಕೊರಿಯರಿನವರು ತೂಕ ಹಿಡಿಯುವ ರೀತಿ ಹೀಗಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. 40 ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆಯ ಗುಣಲಬ್ಧ 36,000, ಭಾಗಿಸಿದರೆ 7.2 ಕಿಲೋ. ಅದರಲ್ಲಿ ಸಡಿಲವಾಗಿ ತುಂಬಿದ ಇಡೀ ಕಾಯಿ 4 ಕಿಲೋ ಹಿಡಿಯಿತೆಂದರೆ, ಕಿಲೋಗೆ 45ರಂತೆ 324 ರೂಪಾಯಿ ತೆರಬೇಕು. ಅಂದರೆ ಪ್ರತಿ ಕಿಲೋ ಕಾಯಿಯ ಮೇಲೆ 81 ರೂಪಾಯಿ ಸಾಗಣೆಯೇ ಬಿತ್ತು. ಅದೇ ಕಾಯಿಯನ್ನು ಪುಡಿ ಮಾಡಿದರೆ ಅರ್ಧಕ್ಕಿಂತ ಚಿಕ್ಕ ಪೆಟ್ಟಿಗೆ ಸಾಕು. ಪುಡಿಯ ಬಣ್ಣ ಬೆಳಕಿಗೆ ಮಾಸುತ್ತದೆಯಾದ್ದರಿಂದ ಪಾರದರ್ಶಕ ಚೀಲ ಕೂಡದು.

ಹಿರೇಕೆರೂರು ಮತ್ತು ರಾಣೆಬೆನ್ನೂರು ಕಡೆಯ ಅನೇಕ ರೈತರು ಕಂಪನಿಗಳಿಗಾಗಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ. “ನಾವೇ ಬೆಳೆದ ಬೀಜ, ನಾವೇ ಮಾರಿದರೆ ಏನು?” ಎಂಬ ಪ್ರಶ್ನೆ ಬರುವುದು ಸಹಜ. ಒಪ್ಪಂದದ ಬೀಜ ರೈತನದಲ್ಲ. ಅದನ್ನು ಅಂಗಡಿಗೆ ಇಡುವಂತಿಲ್ಲ. ಬೀಜ ವ್ಯಾಪಾರಕ್ಕೆ 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಬೇಕು. ತನ್ನ ಹೊಲದಲ್ಲಿ ಉಳಿಸಿದ ಬೀಜವನ್ನು ಬ್ರ್ಯಾಂಡಿನ ಹೆಸರಿಲ್ಲದೆ ಕೊಡುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನಿಗೆ ನೀಡಿದೆಯಾದರೂ, ಅದನ್ನು ಆನ್‌ಲೈನ್ ವ್ಯಾಪಾರಕ್ಕೆ ಹಿಗ್ಗಿಸುವ ಮುನ್ನ ಕೃಷಿ ಇಲಾಖೆಯವರನ್ನು ಕೇಳುವುದು ಕ್ಷೇಮ.

ಕಾಗದ ಪತ್ರ

ಕಾಗದ ಪತ್ರದ ಖರ್ಚು ಜನ ಹೆದರುವಷ್ಟು ಇಲ್ಲ. ಆದರೆ ಮಾಲನ್ನು ನೋಡಿ ನಿಯಮ ಬದಲಾಗುತ್ತದೆ. 2006ರ ಆಹಾರ ಸುರಕ್ಷತೆ ಕಾಯಿದೆಯ ನಿಯಮಗಳು ರೈತನಿಗೂ ಅವನು ತನ್ನ ಹೊಲದ ಮಟ್ಟದಲ್ಲಿ ಬೆಳೆದ ಬೆಳೆಗೂ ಅನ್ವಯಿಸುವುದಿಲ್ಲ. ಮೆಣಸಿನ ಪುಡಿ, ಉಪ್ಪಿನಕಾಯಿ, ಮಾವಿನ ರಸ ಮಾಡಿದೊಡನೆ ಅವನು ಆಹಾರ ಉದ್ಯಮಿಯಾಗುತ್ತಾನೆ, ನೋಂದಣಿ ಬೇಕು. ಜಿಎಸ್‌ಟಿ ಕಾನೂನಿನಲ್ಲಿಯೂ ಹಾಗೆಯೇ. ಸ್ವಂತ ಬೇಸಾಯದ ಉತ್ಪನ್ನ ಮಾರುವ ಕೃಷಿಕನಿಗೆ ನೋಂದಣಿ ಬೇಕಾಗಿಲ್ಲ. ಪುಡಿಗೆ ಈ ವಿನಾಯಿತಿ ಹೊಂದುವುದಿಲ್ಲ. ಅದನ್ನು ರಾಜ್ಯದೊಳಗೇ ಮಾರಿದರೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯ ಗೊಡವೆಯಿಲ್ಲ. ಪುಣೆಗೋ ಮುಂಬಯಿಗೋ ಕಳಿಸಬೇಕಾದರೆ ಮೊದಲ ಪೊಟ್ಟಣದಿಂದಲೇ ಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವ ಸಣ್ಣವರಿಗೂ ರಾಜ್ಯದೊಳಗಿನ ಈ ಸಡಿಲಿಕೆ 2023ರ ಅಕ್ಟೋಬರ್ 1ರಿಂದ ದೊರೆತಿದೆ, ಆದರೆ ಅದಕ್ಕಾಗಿ ಒಂದು ದಾಖಲಾತಿ ಸಂಖ್ಯೆಯನ್ನು ಪಡೆಯಬೇಕು.

ಪೊಟ್ಟಣದ ಮೇಲೆ ಮಾಲಿನ ಹೆಸರು, ಪೊಟ್ಟಣ ಕಟ್ಟಿದವರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ ಮುಂತಾದವನ್ನು ಮುದ್ರಿಸಬೇಕೆಂಬುದು 2011ರ ಪೊಟ್ಟಣ ಸಾಮಗ್ರಿ ನಿಯಮ. ಇದರ ಬಹುಪಾಲು ವಿವರ ಆನ್‌ಲೈನ್ ಪುಟದಲ್ಲಿಯೂ ಕಾಣಬೇಕು. ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲಿ.

ಕೂಡಿ ಮಾಡುವ ಅಂಗಡಿ

ಒಬ್ಬನೇ ರೈತನ ಅಂಗಡಿಗೆ ಇರುವ ದೊಡ್ಡ ಕಷ್ಟವೆಂದರೆ ಎರಡು ತಿಂಗಳ ಮಾವಿಗಾಗಿ ಹನ್ನೆರಡು ತಿಂಗಳ ಬಾಡಿಗೆ. ಹಾನಗಲ್ಲಿನ ಮಾವು, ಶಿಗ್ಗಾವಿಯ ಮೆಣಸಿನಕಾಯಿ, ಸವಣೂರಿನ ಖಾರ, ಹಿರೇಕೆರೂರಿನ ಕಾಳು ಇವೆಲ್ಲ ಒಂದೇ ಹೆಸರಿನ ಕೆಳಗೆ ಬಂದರೆ ಅಂಗಡಿ ವರ್ಷವಿಡೀ ತೆರೆದಿರುತ್ತದೆ. ಮೇ ತಿಂಗಳಲ್ಲಿ ಹಣ್ಣು ಕೊಂಡ ಗಿರಾಕಿಯೇ ಫೆಬ್ರುವರಿಯಲ್ಲಿ ಪುಡಿ ಕೊಳ್ಳುತ್ತಾನೆ. ಮೊದಲು ಲೆಕ್ಕ ಹಾಕಿದ 75,200 ರೂಪಾಯಿಯನ್ನು ನೂರು ಮನೆಗೆ ಹಂಚಿದರೆ ಮನೆಗೆ 752 ಬಿತ್ತು. ಆಗ ಪುಟ ಮಾಡಿಸುವುದೂ ತಪ್ಪಲ್ಲ.

ಇದಕ್ಕೆ ರೈತ ಉತ್ಪಾದಕ ಸಂಸ್ಥೆ ತಕ್ಕ ರೂಪ. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ಇಂತಹ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಆದರೆ ಒಂದು ಸೂಕ್ಷ್ಮವಿದೆ. ಜಿಎಸ್‌ಟಿಯಲ್ಲಿ ‘ಕೃಷಿಕ’ ಎಂದರೆ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಸಂಸ್ಥೆಯು ಸದಸ್ಯರ ಒಣ ಮೆಣಸಿನಕಾಯಿಯನ್ನು ಮಾರಿದರೆ ಆ ವಿನಾಯಿತಿ ಸಿಗದು. ಹೀಗಾಗಿ ಸಂಸ್ಥೆಯ ಅಂಗಡಿಗೆ ಲೆಕ್ಕಿಗನ ಸಂಬಳವನ್ನೂ ಖರ್ಚಿನಲ್ಲಿ ಬರೆದುಕೊಳ್ಳಬೇಕು. ಅದಕ್ಕಿಂತ ಕಠಿಣವಾದದ್ದು ಇನ್ನೊಂದು: ನೂರು ಮನೆಯ ಹಣ್ಣು ಒಂದೇ ಹೆಸರಿನಲ್ಲಿ ಹೋಗುವಾಗ ವಿಂಗಡಿಸುವ ಕೈ ಗಟ್ಟಿಯಾಗಿರಬೇಕು. ಅಧ್ಯಕ್ಷರ ಅಣ್ಣನ ಕಾಯಿ ಎಂದು ಕಲೆ ಬಿದ್ದದ್ದನ್ನು ಒಳಗೆ ಬಿಟ್ಟರೆ ನೂರು ಮನೆಯ ಹೆಸರೂ ಒಟ್ಟಿಗೇ ಹೋಗುತ್ತದೆ.

ಯಾವ ದಾರಿ ಹಿಡಿದರೂ ಒಂದು ಪ್ರಯೋಗವನ್ನು ಮಾಡದೆ ಮುಂಗಡ ಕೊಡಬೇಡಿ. ಹಂಗಾಮಿನ ಮೊದಲ ವಾರ ಐದು ಪೆಟ್ಟಿಗೆ ತುಂಬಿ, ಐದು ಊರುಗಳಲ್ಲಿರುವ ಬೀಗರಿಗೋ ಗೆಳೆಯರಿಗೋ ಕಳಿಸಿ. ಹೊರಡುವಾಗಿನ ತೂಕ, ಕೊಟ್ಟ ಹಣ, ಮುಟ್ಟಿದ ದಿನ ಇವನ್ನು ಒಂದು ವಹಿಯಲ್ಲಿ ಬರೆಯಿರಿ. ಅವರು ಪೆಟ್ಟಿಗೆ ಬಿಚ್ಚುವಾಗ ಫೋನಿನಲ್ಲಿ ಚಿತ್ರ ತೆಗೆದು ಕಳಿಸಲಿ, ಎಷ್ಟು ಹಣ್ಣು ತಿನ್ನಲು ಬಂತು, ಎಷ್ಟು ಎಸೆದರು ಎಂಬುದನ್ನು ಮುಲಾಜಿಲ್ಲದೆ ಹೇಳಲಿ. ಇದಕ್ಕೆ ಸುಮಾರು ಎರಡೂವರೆ ಸಾವಿರ ರೂಪಾಯಿ ತಗಲುತ್ತದೆ. ರಟ್ಟಿನ ಪೆಟ್ಟಿಗೆಗಳನ್ನು ಮಾರ್ಚ್ ತಿಂಗಳಲ್ಲೇ ತರಿಸಿಡಿ. ಹಣ್ಣಿನ ಕಾಲ ಬಂದ ಮೇಲೆ ಅವುಗಳ ದರ ಏರುತ್ತದೆ, ಬೇಕೆಂದಾಗ ಸಿಗುವುದೂ ಇಲ್ಲ.